ಸಿಗಾರ್‌ಗೆ ಹೊಗೆಸೊಪ್ಪು: ಬಿತ್ತುವುದರಿಂದ ಸುತ್ತುವವರೆಗೆ

ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್‌ಗಳಲ್ಲಿ ಸಿಗರೇಟಿನ ವರ್ಜೀನಿಯಾ ಎಲೆ ಬಿಸಿಗಾಳಿಗೆ ಒಂದು ವಾರದೊಳಗೆ ಒಣಗುತ್ತದೆ. ನಿಪ್ಪಾಣಿಯ ಬೀಡಿ ತಂಬಾಕು ಬಿಸಿಲಿಗೆ ಒಣಗುತ್ತದೆ. ಸಿಗಾರ್‌ನ ಎಲೆಗೆ ಬೆಂಕಿಯೂ ಬೇಡ, ಬಿಸಿಲೂ ಬೇಡ. ನೆರಳು, ಗಾಳಿ, ಸಮಯ ಇಷ್ಟೇ ಸಾಕು. ಬದನೆ, ಟೊಮೆಟೊ ಬೆಳೆದು ಗೊತ್ತಿದ್ದವರಿಗೆ ಅದೇ ಕುಟುಂಬದ ಈ ಗಿಡ ಕಷ್ಟವಾಗದು. ಆದರೆ ಎಲೆಯ ಗುಣ ತೀರ್ಮಾನವಾಗುವುದು ಕೊಯ್ಲಿನ ನಂತರ.

ತಳಿ ಆರಿಸುವ ಮುನ್ನ ಒಂದು ಮಾತು. 1975ರ ತಂಬಾಕು ಮಂಡಳಿ ಕಾಯ್ದೆಯಂತೆ ನೋಂದಣಿಯಿಲ್ಲದೆ ವರ್ಜೀನಿಯಾ ಬೆಳೆಯುವಂತಿಲ್ಲ. ಅದು ಸಿಗಾರ್‌ಗೆ ಬೇಕಾಗಿಯೂ ಇಲ್ಲ. ನಮ್ಮ ದೇಶದಲ್ಲಿ ಸಿಗಾರ್, ಚುಟ್ಟಾದ ಎಲೆಗೆ ಹೆಸರಾದದ್ದು ತಮಿಳುನಾಡಿನ ದಿಂಡಿಗಲ್ ಸೀಮೆ. ಹೊರಹೊದಿಕೆಯ ಎಲೆಗೆ ಪಶ್ಚಿಮ ಬಂಗಾಳದ ದಿನ್‌ಹಾಟಾ. ಅಲ್ಲಿನ ತಳಿಗಳನ್ನೇ ಆರಿಸಿ. ಬೆಳೆದದ್ದು ಸ್ವಂತ ಬಳಕೆಗಷ್ಟೇ ಇರಲಿ. ಮಾರಾಟಕ್ಕೆ ಪರವಾನಗಿ, ತೆರಿಗೆಯ ನಿಯಮಗಳೇ ಬೇರೆ.

1. ಸಸಿ
ಒಂದು ಗ್ರಾಂನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬೀಜಗಳಿರುತ್ತವೆ. ಚಿಟಿಕೆ ಬೀಜವನ್ನು ಒಣ ಮರಳಿನಲ್ಲಿ ಬೆರೆಸಿ ಟ್ರೇಯ ಮಣ್ಣಿನ ಮೇಲೆ ಉದುರಿಸಿ. ಮೊಳೆಯಲು ಬೆಳಕು ಬೇಕು, ಆದ್ದರಿಂದ ಮಣ್ಣು ಮುಚ್ಚಬೇಡಿ. ನೀರು ಸುರಿದರೆ ಬೀಜ ಕೊಚ್ಚಿಹೋಗುತ್ತದೆ, ಸ್ಪ್ರೇಯರ್‌ನಲ್ಲಿ ಸಿಂಪಡಿಸಿ. ಏಳರಿಂದ ಹತ್ತು ದಿನದಲ್ಲಿ ಮೊಳಕೆ ಕಾಣುತ್ತದೆ. ಜೂನ್ ಕೊನೆಯಲ್ಲಿ ಬಿತ್ತಿದರೆ ಆಗಸ್ಟ್‌ನಲ್ಲಿ ಗೇಣುದ್ದದ ಸಸಿ ನಾಟಿಗೆ ಸಿದ್ಧ.

2. ನಾಟಿ, ಗೊಬ್ಬರ
ಗಿಡದಿಂದ ಗಿಡಕ್ಕೆ ಎರಡು ಅಡಿ, ಸಾಲಿನಿಂದ ಸಾಲಿಗೆ ಮೂರು ಅಡಿ ಬಿಡಿ. ಕೊಳೆತ ಕೊಟ್ಟಿಗೆ ಗೊಬ್ಬರ ಹಾಕಿ. ಪೊಟ್ಯಾಷ್ ಕೊಡುವುದಾದರೆ ಮ್ಯೂರಿಯೇಟ್ ಬೇಡ, ಸಲ್ಫೇಟ್ ರೂಪದ್ದು ಕೊಡಿ. ಮ್ಯೂರಿಯೇಟ್‌ನಲ್ಲಿರುವ ಕ್ಲೋರೈಡ್ ಎಲೆಗೆ ಸೇರಿದರೆ ಅದು ಸರಿಯಾಗಿ ಉರಿಯದೆ ಮಧ್ಯೆ ಮಧ್ಯೆ ಆರುತ್ತದೆ. ಉಪ್ಪುನೀರಿನ ಬೋರ್‌ವೆಲ್ಲಿದ್ದರೂ ಇದೇ ತೊಂದರೆ. ಬೀಡಿ, ಸಿಗರೇಟು ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಗಿಡ ಮುಟ್ಟಬೇಡಿ. ಮೊಸಾಯಿಕ್ ವೈರಸ್ ಹಾಗೆಯೂ ಹರಡುತ್ತದೆ.

3. ಕುಡಿ ಚಿವುಟುವುದು
ಹೂಮೊಗ್ಗು ಕಾಣುತ್ತಲೇ ತುದಿ ಮುರಿಯಿರಿ. ಆಮೇಲೆ ಎಲೆಯ ಕಂಕುಳಲ್ಲಿ ಬರುವ ಚಿಗುರುಗಳನ್ನು ವಾರಕ್ಕೊಮ್ಮೆ ತೆಗೆಯಿರಿ. ಸತ್ವವೆಲ್ಲ ಎಲೆಗೆ ಹೋಗಿ ಅದು ದಪ್ಪಗಾಗುತ್ತದೆ.

4. ಕೊಯ್ಲು
ಬಲಿತ ಎಲೆಯ ಹಸಿರು ಮಾಸುತ್ತದೆ, ಅಲ್ಲಲ್ಲಿ ಹಳದಿ ಮಚ್ಚೆ ಮೂಡುತ್ತದೆ, ತುದಿ ಕೆಳಗೆ ಬಾಗುತ್ತದೆ. ಬುಡದಿಂದ ಮೇಲಕ್ಕೆ, ವಾರಕ್ಕೆ ಎರಡು ಮೂರು ಎಲೆಯಂತೆ ಬಿಡಿಸಿ. ಬುಡದ ಎಲೆ ತೆಳು, ಸುಲಭವಾಗಿ ಉರಿಯುತ್ತದೆ. ತುದಿಯದು ದಪ್ಪ, ಖಾರ. ಇಬ್ಬನಿ ಆರಿದ ಮೇಲೆ ಕೈಗವಸು, ತುಂಬುತೋಳಿನ ಅಂಗಿ ಹಾಕಿಕೊಂಡೇ ಕೀಳಿ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಒಳಸೇರಿ ತಲೆಸುತ್ತು, ವಾಂತಿ ತರುತ್ತದೆ.

5. ನೆರಳಲ್ಲಿ ಒಣಗಿಸುವುದು
ತೊಟ್ಟಿನ ಬಳಿ ದಾರಕ್ಕೆ ಪೋಣಿಸಿ, ಎಲೆಗೆ ಎಲೆ ತಾಗದಂತೆ, ಗಾಳಿಯಾಡುವ ಕೋಣೆಯಲ್ಲಿ ತೂಗುಹಾಕಿ. ಕಿತ್ತ ಎಲೆ ಕೆಲವು ದಿನ ಜೀವಂತವಾಗಿದ್ದು ತನ್ನೊಳಗಿನ ಪಿಷ್ಟವನ್ನು ಕರಗಿಸಿಕೊಳ್ಳುತ್ತದೆ. ಅಷ್ಟರೊಳಗೇ ಒಣಗಿಬಿಟ್ಟರೆ ಹಸಿರು ಉಳಿದು ಹೊಗೆ ಒಗರಾಗುತ್ತದೆ; ತೇವ ಜಾಸ್ತಿಯಾದರೆ ಬೂಷ್ಟು ಹಿಡಿಯುತ್ತದೆ. ಅಗ್ಗದ ಆರ್ದ್ರತಾ ಮಾಪಕ ತಂದಿಟ್ಟು ಶೇಕಡಾ 65ರಿಂದ 70 ಕಾಯ್ದುಕೊಳ್ಳಿ. ಗಾಳಿ ಒಣಗಿದ್ದರೆ ನೆಲಕ್ಕೆ ನೀರು ಚಿಮುಕಿಸಿ, ತೇವವಿದ್ದರೆ ಫ್ಯಾನ್ ಹಾಕಿ. ಆರರಿಂದ ಎಂಟು ವಾರದಲ್ಲಿ ಹಳದಿ ಹೋಗಿ ಕಂದು ಬರುತ್ತದೆ. ನಡುದಂಟು ಬಗ್ಗಿಸಿದಾಗ ಪಟ್ಟನೆ ಮುರಿದರೆ ಒಣಗಿದೆ ಎಂದರ್ಥ.

6. ಹುದುಗು
ಕ್ಯೂಬಾದಲ್ಲಿ ಎಲೆಗಳನ್ನು ಆಳೆತ್ತರ ಒಟ್ಟುತ್ತಾರೆ. ರಾಶಿ ತಾನೇ ಬಿಸಿಯೇರಿ ಹುದುಗುತ್ತದೆ. ಮನೆಯ ನಾಲ್ಕು ಕಂತೆಗೆ ಆ ಬಿಸಿ ಹುಟ್ಟುವುದಿಲ್ಲ, ನಾವೇ ಕೊಡಬೇಕು. ಕೆಟ್ಟುಹೋದ ಫ್ರಿಜ್ಜಿನೊಳಗೆ ನೀರು ತುಂಬಿದ ಎಲೆಕ್ಟ್ರಿಕ್ ಕುಕ್ಕರ್ ಇಟ್ಟು, ಥರ್ಮೋಸ್ಟಾಟ್‌ನಿಂದ 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ನಿಲ್ಲಿಸಿ. ವೈರಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಸ್ವಲ್ಪ ನೀರು ಚಿಮುಕಿಸಿ ಮೆತ್ತಗಾಗಿಸಿದ ಎಲೆ ಒಳಗಿಡಿ. ಮೂರು ನಾಲ್ಕು ದಿನಕ್ಕೊಮ್ಮೆ ತೆರೆದಾಗ ಮೂಗಿಗೆ ಅಮೋನಿಯಾ ಅಡರುತ್ತದೆ. ಅದಕ್ಕೇ ಈ ಕೆಲಸ ಮನೆಯ ಹೊರಗಿರಲಿ. ನಾಲ್ಕರಿಂದ ಆರು ವಾರದಲ್ಲಿ ಆ ಘಾಟು ಇಳಿದು ಸಿಹಿ ಬೆರೆತ ವಾಸನೆ ಬಂದರೆ ಹುದುಗು ಮುಗಿಯಿತು. ಆಮೇಲೆ ಕೆಲವು ತಿಂಗಳು ಕಟ್ಟಿಟ್ಟರೆ ಇನ್ನೂ ಒಳ್ಳೆಯದು.

7. ಸುತ್ತುವುದು
ಎಲೆಗೆ ತೇವ ಕೊಟ್ಟು ನಡುದಂಟು ಸೀಳಿ ತೆಗೆಯಿರಿ. ತುಂಬುವ ಎಲೆಗಳನ್ನು ಉದ್ದಕ್ಕೆ ನೆರಿಗೆ ಮಾಡಿ ಜೋಡಿಸಿ. ನೆರಿಗೆಯ ಸಂದಿಯಲ್ಲೇ ಹೊಗೆ ಓಡಬೇಕು. ಗಟ್ಟಿ ಎಲೆಯೊಂದನ್ನು ಕಟ್ಟಾಗಿ ಸುತ್ತಿ, ಕಾಗದದಲ್ಲಿ ಬಿಗಿಯಾಗಿ ಸುರುಳಿ ಮಾಡಿ ಒಂದು ರಾತ್ರಿ ಬಿಡಿ. ಮರುದಿನ ಹರಿಯದ ಅರ್ಧ ಎಲೆಯನ್ನು, ನರ ಒಳಮುಖವಾಗಿ, ಹಚ್ಚುವ ತುದಿಯಿಂದ ಬಾಯಿಗಿಡುವ ತುದಿಯವರೆಗೆ ಓರೆಯಾಗಿ ಸುತ್ತಿ. ಕೊನೆಗೆ ಹಿಟ್ಟಿನ ಅಂಟು ಒಂದು ತೊಟ್ಟು.

ಮನೆಯಲ್ಲಿ ಬೆಳೆದದ್ದೆಂದು ಹೊಗೆಯ ವಿಷ ಕಡಿಮೆಯಾಗದು. ಹೊಗೆ ಒಳಗೆಳೆಯದಿದ್ದರೂ ಸಿಗಾರ್ ಬಾಯಿ, ಗಂಟಲಿನ ಕ್ಯಾನ್ಸರಿಗೆ ಕಾರಣವಾಗುತ್ತದೆ. ಗಿಡ, ಎಲೆ ಎರಡನ್ನೂ ಮಕ್ಕಳಿಗೆ, ದನಕರುಗಳಿಗೆ ಎಟುಕದಂತೆ ಇಡಿ. ಸೇದುವ ಅಭ್ಯಾಸ ಇಲ್ಲದವರು ಇದರಿಂದ ಶುರು ಮಾಡಬೇಡಿ. ನಿಮ್ಮ ಅಂಗಳಕ್ಕೆ ಬದನೆಯೇ ಸರಿ.