ಬೀದಿಯ ಚರಂಡಿಯಿಂದ ನಗರಸಭೆಯ ನಡಾವಳಿಯವರೆಗೆ

ಚಿಕ್ಕ ನಗರಗಳ ನಿವಾಸಿಗಳಿಗೆ ತಮ್ಮ ನಗರಸಭೆಯ ಮೇಲಿರುವ ಅಸಮಾಧಾನವೇನೂ ಅಲ್ಪವಾದುದಲ್ಲ. ಮಳೆಗಾಲದಲ್ಲಿ ಉಕ್ಕಿ ಹರಿಯುವ ಚರಂಡಿ, ತಿಂಗಳುಗಟ್ಟಲೆ ಉರಿಯದ ಬೀದಿದೀಪ, ಹೊತ್ತುಗೊತ್ತಿಲ್ಲದೆ ಬರುವ ನಲ್ಲಿಯ ನೀರು, ಇವುಗಳನ್ನು ಕುರಿತು ಹೋಟೆಲಿನ ಮೇಜಿನ ಸುತ್ತಲೂ ದೇವಸ್ಥಾನದ ಜಗಲಿಯ ಮೇಲೂ ನಡೆಯುವ ಮಾತಿನಲ್ಲಿ ಶತಾಂಶವಾದರೂ ಕಾಗದಕ್ಕಿಳಿದು, ದಿನಾಂಕ ಸಹಿಗಳನ್ನು ಹೊತ್ತು, ನಗರಸಭೆಯ ಕಚೇರಿಯನ್ನು ಪ್ರವೇಶಿಸಿದ್ದರೆ ನಮ್ಮ ಊರುಗಳ ಸ್ಥಿತಿ ಈಗಿರುವುದಕ್ಕಿಂತ ಎಷ್ಟೋ ಮೇಲಾಗಿರುತ್ತಿತ್ತೆಂಬುದು ಈ ಲೇಖಕನ ದೃಢವಾದ ನಂಬಿಕೆ. ಸ್ಥಾನಿಕ ಸಂಸ್ಥೆಯು ಬರೆಹದಿಂದ ಚಲಿಸುವ ಸಂಸ್ಥೆ. ಅದರ ಕಡತದಲ್ಲಿಲ್ಲದ ಕಷ್ಟವು ಅದರ ಪಾಲಿಗೆ ಇಲ್ಲವೇ ಇಲ್ಲ. ಆದುದರಿಂದ ವಾರ್ಡಿನ ಕಷ್ಟವೊಂದನ್ನು ಕಡತಕ್ಕೆ ಸೇರಿಸಿ, ಅಲ್ಲಿಂದ ಸಭೆಯ ನಿರ್ಣಯಕ್ಕೂ, ನಿರ್ಣಯದಿಂದ ಕಾಮಗಾರಿಗೂ ಕೊಂಡೊಯ್ಯುವ ಮಾರ್ಗವು ಯಾವುದೆಂಬುದನ್ನು ಇಲ್ಲಿ ಕ್ರಮವಾಗಿ ನಿರೂಪಿಸಲು ಯತ್ನಿಸಿದೆ.

ಮೊದಲು ಈ ಸಂಸ್ಥೆಯ ಸ್ವರೂಪವನ್ನು ಸಂಕ್ಷೇಪವಾಗಿ ಅರಿಯೋಣ. ನಮ್ಮ ರಾಜ್ಯದಲ್ಲಿ ಹತ್ತರಿಂದ ಇಪ್ಪತ್ತು ಸಾವಿರ ಜನಸಂಖ್ಯೆಯ ಊರಿಗೆ ಪಟ್ಟಣ ಪಂಚಾಯಿತಿ, ಇಪ್ಪತ್ತರಿಂದ ಐವತ್ತು ಸಾವಿರದವರೆಗೆ ಪುರಸಭೆ, ಐವತ್ತು ಸಾವಿರದಿಂದ ಮೂರು ಲಕ್ಷದವರೆಗೆ ನಗರಸಭೆ, ಅದಕ್ಕೂ ಮೇಲ್ಪಟ್ಟರೆ ಮಹಾನಗರ ಪಾಲಿಕೆ ಎಂಬುದು ಸ್ಥೂಲವಾದ ವಿಭಾಗ. ಶಿರಸಿ, ಸಾಗರ, ಪುತ್ತೂರು, ಚಿಕ್ಕಮಗಳೂರುಗಳಂತಹ ಊರುಗಳು ನಗರಸಭೆಯ ವರ್ಗಕ್ಕೆ ಸೇರುತ್ತವೆ. ಬೆಂಗಳೂರಿನ ಹೊರಗಿನ ಪಾಲಿಕೆಗಳಿಗೆ 1976ರ ಕಾಯಿದೆ ಅನ್ವಯಿಸಿದರೆ, ಉಳಿದ ಮೂರಕ್ಕೂ 1964ರ ಕರ್ನಾಟಕ ಪೌರಸಭೆಗಳ ಕಾಯಿದೆಯೇ ಆಧಾರ. ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಂದು ಜಾರಿಗೆ ಬಂದಂದಿನಿಂದ ಈ ಸಂಸ್ಥೆಗಳಿಗೆ ಐದು ವರ್ಷಗಳ ಅವಧಿಯೂ, ಹನ್ನೆರಡನೆಯ ಅನುಸೂಚಿಯಲ್ಲಿ ಹೇಳಿದ ಹದಿನೆಂಟು ವಿಷಯಗಳ ಕಾರ್ಯಕ್ಷೇತ್ರವೂ ಸಾಂವಿಧಾನಿಕವಾದ ನೆಲೆಯನ್ನು ಪಡೆದುವು. ನಗರಸಭೆಯಲ್ಲಿ ಚುನಾಯಿತ ಸದಸ್ಯರೂ, ಅವರೊಳಗಿಂದ ಆರಿಸಲ್ಪಟ್ಟು ಮೂವತ್ತು ತಿಂಗಳ ಕಾಲ ಅಧಿಕಾರ ನಡೆಸುವ ಅಧ್ಯಕ್ಷ ಉಪಾಧ್ಯಕ್ಷರೂ ಒಂದು ಕಡೆ. ಸರ್ಕಾರವು ನೇಮಿಸುವ ಪೌರಾಯುಕ್ತರೂ ಅವರ ಅಧೀನದ ಎಂಜಿನಿಯರ್, ಆರೋಗ್ಯ ನಿರೀಕ್ಷಕ, ಕಂದಾಯಾಧಿಕಾರಿ ಮೊದಲಾದವರೂ ಇನ್ನೊಂದು ಕಡೆ. ಸದಸ್ಯರು ನಿರ್ಣಯಿಸುವರು, ಅಧಿಕಾರಿಗಳು ನಿರ್ವಹಿಸುವರು. ಈ ಭೇದವನ್ನು ಮರೆತು, ನಿರ್ಣಯವಾಗಬೇಕಾದ ವಿಷಯಕ್ಕೆ ಆರೋಗ್ಯ ನಿರೀಕ್ಷಕರನ್ನು ಪೀಡಿಸಿ, ಪೊರಕೆಯ ಕೆಲಸಕ್ಕೆ ಅಧ್ಯಕ್ಷರ ಮನೆಯ ಬಾಗಿಲು ಕಾಯುವವರ ಶ್ರಮವೆಲ್ಲ ನಿರರ್ಥಕವಾಗುತ್ತದೆ.

ಕಷ್ಟ ಯಾರ ಪಾಲಿನದು?

ಅರ್ಜಿಯನ್ನು ಬರೆಯುವುದಕ್ಕೆ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಹೆಚ್ಚಿನ ಅರ್ಜಿಗಳು ಅದನ್ನು ಮಾಡದಿರುವುದರಿಂದಲೇ ಕೆಡುತ್ತವೆ. ನಿಮ್ಮ ಕಷ್ಟವು ನಿಜವಾಗಿಯೂ ನಗರಸಭೆಯ ವ್ಯಾಪ್ತಿಗೆ ಬರುತ್ತದೆಯೆ ಎಂಬುದನ್ನು ನಿಶ್ಚಯಿಸಿಕೊಳ್ಳಿರಿ. ಊರಿನ ನಡುವೆ ಹಾದುಹೋಗುವ ರಸ್ತೆಗಳೆಲ್ಲವೂ ನಗರಸಭೆಯವಲ್ಲ. ಕೆಲವು ಲೋಕೋಪಯೋಗಿ ಇಲಾಖೆಗೂ, ಕೆಲವು ರಾಷ್ಟ್ರೀಯ ಹೆದ್ದಾರಿಗೂ ಸೇರಿದವು, ಅವುಗಳ ಗುಂಡಿಗೆ ಪೌರಾಯುಕ್ತರು ಉತ್ತರಿಸಲಾರರು. ಬೀದಿದೀಪವನ್ನು ಉರಿಸುವ ಹೊಣೆ ನಗರಸಭೆಯದಾದರೂ ವಾಲಿದ ಕಂಬವೂ ಜೋತುಬಿದ್ದ ತಂತಿಯೂ ವಿದ್ಯುತ್ ಸರಬರಾಜು ಕಂಪನಿಗೆ ಸೇರಿದವಾಗಿರಬಹುದು. ನೀರಿನ ದೊಡ್ಡ ಯೋಜನೆಗಳನ್ನೂ ಒಳಚರಂಡಿಯ ಜಾಲವನ್ನೂ ಬಹುಮಟ್ಟಿಗೆ ನಿರ್ಮಿಸುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕಾಮಗಾರಿ ಮುಗಿದು ಹಸ್ತಾಂತರವಾದ ಮೇಲೆ ಸಾಮಾನ್ಯವಾಗಿ ಅದರ ನಿರ್ವಹಣೆ ನಗರಸಭೆಗೆ ಬರುತ್ತದೆ. ಹಸ್ತಾಂತರವಾಗಿದೆಯೆ ಇಲ್ಲವೆ ಎಂಬ ಒಂದು ಪ್ರಶ್ನೆಗೆ ಉತ್ತರ ದೊರೆಯದೆ ಮ್ಯಾನ್‌ಹೋಲುಗಳು ಎರಡು ಕಚೇರಿಗಳ ನಡುವೆ ವರ್ಷಗಟ್ಟಲೆ ಉಕ್ಕುತ್ತಿರುವ ಬಡಾವಣೆಗಳುಂಟು. ಹೊಸ ಬಡಾವಣೆಯ ನಕ್ಷೆ, ಉದ್ಯಾನಕ್ಕೆಂದು ಬಿಟ್ಟ ಜಾಗ ಇವುಗಳ ಪ್ರಶ್ನೆ ಬಂದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಮೇರೆಗೆ ರಚಿತವಾದ ಯೋಜನಾ ಪ್ರಾಧಿಕಾರದ ಕಡತಗಳನ್ನೂ ನೋಡಬೇಕಾಗುತ್ತದೆ. ಸಂದೇಹವಿದ್ದಲ್ಲಿ ನಗರಸಭೆಯ ಎಂಜಿನಿಯರಿಂಗ್ ಶಾಖೆಗೆ ಹೋಗಿ, ರಸ್ತೆಯ ಹೆಸರನ್ನೂ ವಾರ್ಡಿನ ಸಂಖ್ಯೆಯನ್ನೂ ಹೇಳಿ, ವಿನಯದಿಂದ ವಿಚಾರಿಸಿದರೆ ಸಾಕು.

ತರುವಾಯ ಇನ್ನೊಂದು ವಿವೇಚನೆ. ಇರುವುದನ್ನು ಸರಿಪಡಿಸುವ ಕೆಲಸ ಬೇರೆ, ಇಲ್ಲದುದನ್ನು ನಿರ್ಮಿಸುವ ಕೆಲಸ ಬೇರೆ. ಕಟ್ಟಿಕೊಂಡ ಚರಂಡಿಯ ಹೂಳೆತ್ತುವುದಕ್ಕೆ ಸಭೆಯೂ ಬೇಡ, ನಿರ್ಣಯವೂ ಬೇಡ. ಅದು ನಿತ್ಯದ ಕರ್ತವ್ಯ. ಹೊಸ ಚರಂಡಿ ಬೇಕೆಂದರೆ ಹಣ, ಅಂದಾಜು ಪಟ್ಟಿ, ಟೆಂಡರು ಎಲ್ಲವೂ ಬೇಕು.

ದುರಸ್ತಿಯ ದೂರು

ದುರಸ್ತಿಯ ದೂರನ್ನು ನಗರಸಭೆಯ ದೂರವಾಣಿಗೆ ತಿಳಿಸಬಹುದು. ಪೌರಾಡಳಿತ ನಿರ್ದೇಶನಾಲಯವು ನಗರ ಸಂಸ್ಥೆಗಳಿಗಾಗಿ ರೂಪಿಸಿರುವ ‘ಜನಹಿತ’ ಎಂಬ ಮೊಬೈಲ್ ವ್ಯವಸ್ಥೆಯಲ್ಲಿ ಛಾಯಾಚಿತ್ರಸಹಿತವಾಗಿ ದಾಖಲಿಸಬಹುದು. ರಾಜ್ಯದ ಕುಂದುಕೊರತೆ ಸಹಾಯವಾಣಿ 1902ಕ್ಕೂ ಹೇಳಬಹುದು. ಯಾವುದರಲ್ಲಿ ಹೇಳಿದರೂ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಅವಶ್ಯಕ. ಸಂಖ್ಯೆಯಿಲ್ಲದ ದೂರು ಬಾಯಿಮಾತಿಗಿಂತ ಹೆಚ್ಚಿನದಾಗದು.

ಆದರೂ ಕಾಗದದ ಅರ್ಜಿಗೆ ಇರುವ ಬಲ ಬೇರಾವುದಕ್ಕೂ ಇಲ್ಲ. ಅರ್ಜಿಯನ್ನು ಪೌರಾಯುಕ್ತರಿಗೆ ಬರೆಯಿರಿ. ಪುರಸಭೆ, ಪಟ್ಟಣ ಪಂಚಾಯಿತಿಗಳಾದರೆ ಮುಖ್ಯಾಧಿಕಾರಿಗಳಿಗೆ. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ. ‘ನಮ್ಮ ಬಡಾವಣೆಯಲ್ಲಿ ಯಾವ ಸೌಕರ್ಯವೂ ಇಲ್ಲ’ ಎಂಬ ವಾಕ್ಯವನ್ನು ಓದಿದ ಅಧಿಕಾರಿಗೆ ಯಾವ ಗುಮಾಸ್ತರಿಗೆ ಕಡತವನ್ನು ಕೊಡಬೇಕೆಂದೇ ತಿಳಿಯದು. ಅದರ ಬದಲು ಹೀಗೆ ಬರೆಯಬಹುದು: ‘ಇಂತಿಷ್ಟನೆಯ ವಾರ್ಡಿನ ಇಂತಹ ಅಡ್ಡರಸ್ತೆಯಲ್ಲಿ, ಶಾಲೆಯ ಗೇಟಿನಿಂದ ಮುಖ್ಯರಸ್ತೆಯವರೆಗೆ ಸುಮಾರು ಇಷ್ಟು ಮೀಟರು ಉದ್ದದ ಚರಂಡಿಯಲ್ಲಿ ಹೂಳು ತುಂಬಿ, ಇಂತಹ ದಿನಾಂಕದಿಂದ ಕೊಳಚೆ ನೀರು ರಸ್ತೆಯ ಮೇಲೆ ಹರಿಯುತ್ತಿದೆ, ಸ್ಥಳ ಪರಿಶೀಲನೆ ಮಾಡಿಸಿ ಹೂಳೆತ್ತಿಸಬೇಕೆಂದು ಕೋರುತ್ತೇವೆ.’ ಕೆಳಗೆ ನಿವಾಸಿಗಳ ಹೆಸರು, ಮನೆಯ ಸಂಖ್ಯೆ, ಸಹಿ. ಕೋಪದ ಮಾತೊಂದೂ ಬೇಡ. ಸ್ಥಳವೂ ಅಳತೆಯೂ ದಿನಾಂಕವೂ ಕೋಪಕ್ಕಿಂತ ಗಟ್ಟಿಯಾಗಿ ಮಾತನಾಡುತ್ತವೆ. ಎರಡು ಪ್ರತಿ ಒಯ್ದು, ಒಂದನ್ನು ಟಪಾಲು ಶಾಖೆಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಂಡು ಬರಬೇಕು. ಆ ಮೊಹರಿನ ಪ್ರತಿಯೇ ಮುಂದಿನ ಎಲ್ಲ ಹೆಜ್ಜೆಗಳಿಗೂ ಮೂಲ.

ಖಾತೆ ಬದಲಾವಣೆ, ಕಟ್ಟಡ ಪರವಾನಗಿ, ಉದ್ದಿಮೆ ಪರವಾನಗಿ ಮೊದಲಾದ ವೈಯಕ್ತಿಕ ಕೆಲಸಗಳಿಗೆ ದಾರಿ ಬೇರೆ. ಇವು 2011ರ ‘ಸಕಾಲ’ ಕಾಯಿದೆಗೆ ಒಳಪಟ್ಟಿರುವುದರಿಂದ ಅರ್ಜಿ ಕೊಟ್ಟೊಡನೆ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ಗೊತ್ತುಪಡಿಸಿದ ದಿನಗಳು ಮೀರಿದರೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸುವ ಹಕ್ಕಿದೆ, ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳ ಪರಿಹಾರವೂ ಉಂಟು. ಮೊತ್ತವು ಅಲ್ಪವೆನಿಸಬಹುದು, ಆದರೆ ವಿಳಂಬಕ್ಕೆ ಬೆಲೆ ಕಟ್ಟಿದ ತತ್ತ್ವವು ಅಲ್ಪವಾದುದಲ್ಲ.

ಹೊಸ ಕಾಮಗಾರಿ ಮತ್ತು ಅದರ ಋತು

ಹೊಸ ಕಾಮಗಾರಿಯನ್ನು ಬಯಸುವವರು ನಗರಸಭೆಗೂ ಒಂದು ಕೃಷಿವರ್ಷವಿದೆಯೆಂಬುದನ್ನು ಗಮನಿಸಬೇಕು; ಬಿತ್ತನೆಯ ಕಾಲ ಕಳೆದ ಮೇಲೆ ಹೊಲಕ್ಕಿಳಿದವನಿಗೆ ಫಲವಿಲ್ಲ. ಆರ್ಥಿಕ ವರ್ಷವು ಏಪ್ರಿಲ್‌ನಲ್ಲಿ ಆರಂಭವಾಗುವುದರಿಂದ ಅದರ ಆಯವ್ಯಯದ ಸಿದ್ಧತೆ ಹಿಂದಿನ ಚಳಿಗಾಲದಲ್ಲಿಯೇ ನಡೆಯುತ್ತದೆ. ಆ ಕಾಲದಲ್ಲಿ ನಗರಸಭೆಯು ‘ಆಯವ್ಯಯ ಪೂರ್ವಭಾವಿ ಸಭೆ’ಯನ್ನು ಕರೆದು ಸಾರ್ವಜನಿಕರ ಸಲಹೆಗಳನ್ನು ಕೇಳುತ್ತದೆ, ಪ್ರಕಟಣೆ ಪತ್ರಿಕೆಗಳಲ್ಲಿಯೂ ಕಚೇರಿಯ ಸೂಚನಾ ಫಲಕದಲ್ಲಿಯೂ ಬರುತ್ತದೆ. ಖೇದದ ಸಂಗತಿಯೆಂದರೆ, ವರ್ಷವಿಡೀ ದೂರುವ ಊರು ಆ ದಿನ ಆ ಸಭಾಂಗಣದಲ್ಲಿರುವುದಿಲ್ಲ. ಬೆರಳೆಣಿಕೆಯ ಜನ ಬಂದು, ಬಾಯಿಮಾತಿನಲ್ಲಿ ನಾಲ್ಕು ಸಲಹೆ ಹೇಳಿ, ಚಹಾ ಕುಡಿದು ಹೋಗುತ್ತಾರೆ. ನೀವು ಹೋಗುವುದಾದರೆ ಬೇಡಿಕೆಯನ್ನು ಬರೆದು, ನಿವಾಸಿಗಳ ಸಹಿ ಹಾಕಿಸಿ, ಸಭೆಯಲ್ಲಿ ಓದಿ, ಲಿಖಿತ ಪ್ರತಿಯನ್ನು ಅಲ್ಲಿಯೇ ಸಲ್ಲಿಸಿ ಸ್ವೀಕೃತಿ ಪಡೆಯಿರಿ.

ಹಣದ ಮೂಲಗಳನ್ನು ಬಲ್ಲವನ ಬೇಡಿಕೆಗೆ ತೂಕ ಹೆಚ್ಚು. ನಗರಸಭೆಯ ಸ್ವಂತ ಆದಾಯವಾದ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆಗಳ ಬಾಡಿಗೆ ಮೊದಲಾದುವು ಒಂದು ಮೂಲ. ರಾಜ್ಯ ಹಣಕಾಸು ಆಯೋಗದ ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ, ‘ನಗರೋತ್ಥಾನ’ದಂತಹ ಯೋಜನೆಗಳು ಇನ್ನುಳಿದವು. ಇವುಗಳಲ್ಲಿ ಬಹುಮಟ್ಟಿಗೆ ಪರಿಶಿಷ್ಟ ಜಾತಿ ಪಂಗಡಗಳ ಏಳಿಗೆಗೆ ಶೇಕಡ 24.10, ಇತರ ಬಡವರ್ಗದವರಿಗೆ ಶೇಕಡ 7.25, ಅಂಗವಿಕಲರಿಗೆ ಶೇಕಡ 5 ಎಂದು ಮೀಸಲಿಡುವ ಕ್ರಮವಿದೆ. ಈ ಮೊತ್ತಗಳು ಖರ್ಚಾಗದೆ ಉಳಿದುವೆಂಬ ವರದಿಗಳನ್ನು ಆಗಾಗ ಓದುತ್ತೇವೆ. ಅರ್ಹರಾದವರು ಅರ್ಜಿ ಸಲ್ಲಿಸುವಂತೆ ನೆರೆಹೊರೆಯ ವಿದ್ಯಾವಂತರು ನೆರವಾದರೆ, ವಿದ್ಯಾರ್ಥಿಯೊಬ್ಬನಿಗೆ ಸಹಾಯಧನವೋ, ನಡೆಯಲಾರದವರೊಬ್ಬರಿಗೆ ವಾಹನವೋ ದೊರೆತೀತು. ಇದಕ್ಕಿಂತ ಪುಣ್ಯತರವಾದ ಪೌರಕಾರ್ಯವನ್ನು ಕಾಣೆನು.

ಬೇಡಿಕೆಯನ್ನು ಸಲ್ಲಿಸಿದ ಮೇಲೆ ವಾರ್ಡಿನ ಸದಸ್ಯರನ್ನು ಕಾಣಬೇಕು. ನೀವು ಅವರಿಗೆ ಮತ ನೀಡಿದಿರೋ ಇಲ್ಲವೋ ಎಂಬುದು ಇಲ್ಲಿ ಅಪ್ರಸ್ತುತ. ಅವರು ವಾರ್ಡಿಗೆ ಪ್ರತಿನಿಧಿಯೇ ಹೊರತು ಒಂದು ಪಕ್ಷಕ್ಕಲ್ಲ. ವಿಷಯವನ್ನು ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದೂ, ಹಣ ಹಂಚಿಕೆಯಾದಾಗ ಕ್ರಿಯಾಯೋಜನೆಯಲ್ಲಿ ನಿಮ್ಮ ಕಾಮಗಾರಿಯ ಹೆಸರು ಬರಬೇಕೆಂದೂ ಸ್ಪಷ್ಟವಾಗಿ ಕೇಳಿರಿ. ಕ್ರಿಯಾಯೋಜನೆಯಲ್ಲಿ ಹೆಸರಿಲ್ಲದ ಕಾಮಗಾರಿಗೆ ಯಾರ ಆಶ್ವಾಸನೆಯಿದ್ದರೂ ಹಣ ಬಾರದು. ಕ್ಷೇತ್ರದ ಶಾಸಕರೂ ಸಂಸದರೂ ನಗರಸಭೆಯ ಸದಸ್ಯರೇ ಆಗಿರುವುದರಿಂದ ಅವರಿಗೂ ಒಂದು ಪ್ರತಿ ಕಳುಹಿಸುವುದು ಯುಕ್ತ.

ನಡಾವಳಿಯನ್ನು ಓದುವುದು

ಸಭೆ ನಡೆದ ಮೇಲೆ ಅದರ ನಡಾವಳಿಯನ್ನು ಓದುವ ಅಭ್ಯಾಸವು ನಮ್ಮಲ್ಲಿ ಬೆಳೆಯಬೇಕಾಗಿದೆ. ಸಭೆಯಲ್ಲಿ ನಡೆದ ಗದ್ದಲವು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ, ನಿರ್ಣಯವು ಮಾತ್ರ ನಡಾವಳಿಯಲ್ಲಿರುತ್ತದೆ. ಅದರ ಪ್ರತಿ ಸುಲಭವಾಗಿ ದೊರೆಯದಿದ್ದಲ್ಲಿ 2005ರ ಮಾಹಿತಿ ಹಕ್ಕು ಕಾಯಿದೆಯ ಆಶ್ರಯ ಪಡೆಯಬೇಕು. ನಮ್ಮ ರಾಜ್ಯದ ನಿಯಮದಂತೆ ನಮೂನೆ ‘ಎ’ಯಲ್ಲಿ, ಒಂದೇ ವಿಷಯವನ್ನು ಕುರಿತು, 150 ಪದಗಳನ್ನು ಮೀರದಂತೆ ಬರೆದು, 10 ರೂಪಾಯಿ ಶುಲ್ಕದೊಡನೆ ನಗರಸಭೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಡಬೇಕು, ಪ್ರತಿಗಳಿಗೆ ಪುಟವೊಂದಕ್ಕೆ 2 ರೂಪಾಯಿ. ಬಡತನದ ರೇಖೆಗಿಂತ ಕೆಳಗಿರುವವರಿಗೆ ಅರ್ಜಿ ಶುಲ್ಕವಿಲ್ಲ. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿಕರವಲ್ಲದಿದ್ದರೆ, ಮುಂದಿನ ಮೂವತ್ತು ದಿನಗಳೊಳಗೆ ಪ್ರಥಮ ಮೇಲ್ಮನವಿ, ಅದರ ತರುವಾಯ ತೊಂಬತ್ತು ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ.

ಇಲ್ಲಿ ಒಂದು ಸೂಕ್ಷ್ಮವಿದೆ. ‘ರಸ್ತೆಯನ್ನು ಏಕೆ ಮಾಡಿಲ್ಲ?’ ಎಂದು ಕೇಳಿದರೆ ‘ಇದು ಮಾಹಿತಿಯಲ್ಲ’ ಎಂಬ ಉತ್ತರ ಬಂದೀತು. ದಾಖಲೆಯನ್ನು ಹೆಸರಿಸಿ ಕೇಳಬೇಕು: ಅಂದಾಜು ಪಟ್ಟಿಯ ಪ್ರತಿ, ಕಾರ್ಯಾದೇಶದ ಪ್ರತಿ, ಅಳತೆ ಪುಸ್ತಕದ ಸಂಬಂಧಿಸಿದ ಪುಟಗಳು, ಪಾವತಿಯಾದ ಬಿಲ್ಲು. ಈ ನಾಲ್ಕನ್ನು ಕೈಯಲ್ಲಿ ಹಿಡಿದು ರಸ್ತೆಯ ಮೇಲೆ ನಡೆದರೆ ಬರೆದಿರುವ ಉದ್ದಕ್ಕೂ ಹಾಕಿರುವ ಕಾಂಕ್ರೀಟಿಗೂ ಹೊಂದಿಕೆಯಿದೆಯೆ ಎಂಬುದು ಯಾವ ವಿಶೇಷ ಪಾಂಡಿತ್ಯವೂ ಇಲ್ಲದವರಿಗೂ ಬಹುಮಟ್ಟಿಗೆ ಗೋಚರವಾಗುತ್ತದೆ. ಹೊಂದಿಕೆಯಿಲ್ಲವಾದರೆ ಕೆಲಸಗಾರರೊಡನೆ ಜಗಳವಾಡದೆ, ಅದೇ ದಿನ ಪೌರಾಯುಕ್ತರಿಗೆ ಬರೆಯಿರಿ. ಕಾಮಗಾರಿ ಮುಗಿದ ಮೇಲೆಯೂ ಕರಾರಿನಲ್ಲಿ ಹೇಳಿದ ಅವಧಿಯವರೆಗೆ ದೋಷವನ್ನು ಸರಿಪಡಿಸುವ ಹೊಣೆ ಗುತ್ತಿಗೆದಾರನ ಮೇಲಿರುತ್ತದೆ; ಆ ಅವಧಿ ಎಂದಿಗೆ ಮುಗಿಯುವುದೆಂಬುದನ್ನು ಬರೆದಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬಂದೀತು.

ಸಂಘದ ಬಲ

ಒಬ್ಬನ ಅರ್ಜಿಗಿಂತ ಬೀದಿಯ ಅರ್ಜಿ ಮೇಲು. ವಾರ್ಡ್ ಸಮಿತಿಯನ್ನು ಸಂವಿಧಾನವು ಕಡ್ಡಾಯವಾಗಿ ವಿಧಿಸಿರುವುದು ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಊರುಗಳಿಗೆ ಮಾತ್ರ. ಆದುದರಿಂದ ಚಿಕ್ಕ ನಗರದ ನಿವಾಸಿಗಳು ಆ ಕೊರತೆಯನ್ನು ತಾವೇ ತುಂಬಿಕೊಳ್ಳಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಮೇರೆಗೆ ಏಳು ಜನ ಸೇರಿ ನಿವಾಸಿಗಳ ಸಂಘವೊಂದನ್ನು ನೋಂದಾಯಿಸಬಹುದು. ಅದರಲ್ಲಿ ಸ್ತ್ರೀಯರು ಹೆಸರಿಗಲ್ಲದೆ ನಿಜವಾಗಿಯೂ ಇರಲಿ. ನೀರು ಯಾವ ಹೊತ್ತಿಗೆ ಬಂತು, ಕಸದ ಗಾಡಿ ಯಾವ ದಿನ ಬರಲಿಲ್ಲ ಎಂಬುದರ ಲೆಕ್ಕವನ್ನು ಬಹುಪಾಲು ಮನೆಗಳಲ್ಲಿ ಬಲ್ಲವರು ಅವರೇ. ಸಾರ್ವಜನಿಕ ವ್ಯವಹಾರಗಳ ಅಧ್ಯಯನವು ಪ್ರಜೆಗೆ ಅತ್ಯಾವಶ್ಯಕವೆಂದು ಬಗೆದು ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಬಡಾವಣೆಯ ಸಂಘವೊಂದು ತಿಂಗಳಿಗೊಮ್ಮೆ ಕುಳಿತು ನಗರಸಭೆಯ ಆಯವ್ಯಯವನ್ನು ಓದಿದರೆ ಅದೇ ಕಾರ್ಯವು ಸಣ್ಣ ಪ್ರಮಾಣದಲ್ಲಿ ನಡೆದಂತಾಗುವುದು. ಸಂಘದ ಸದಸ್ಯರು ತಮ್ಮ ಆಸ್ತಿ ತೆರಿಗೆಯನ್ನು ಬಾಕಿಯಿಲ್ಲದೆ ಕಟ್ಟಿರಬೇಕೆಂಬುದನ್ನು ಹೇಳಬೇಕಾಗಿಲ್ಲ. ಏಪ್ರಿಲ್ ತಿಂಗಳೊಳಗೆ ಕಟ್ಟಿದವರಿಗೆ ಶೇಕಡ 5ರ ರಿಯಾಯಿತಿಯೂ ಉಂಟು.

ಪೌರಾಯುಕ್ತರಿಂದ ಉತ್ತರ ಬಾರದಿದ್ದಲ್ಲಿ, ಮೊಹರಿನ ಪ್ರತಿಗಳನ್ನು ಲಗತ್ತಿಸಿ, ಜಿಲ್ಲಾಧಿಕಾರಿಗಳ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ, ಅನಂತರ ಪೌರಾಡಳಿತ ನಿರ್ದೇಶನಾಲಯಕ್ಕೆ ಬರೆಯಬಹುದು. ಹಣದ ದುರುಪಯೋಗಕ್ಕೆ ದಾಖಲೆಯಿದ್ದರೆ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರದೊಡನೆ ಲೋಕಾಯುಕ್ತಕ್ಕೆ ದೂರು ಕೊಡುವ ಮಾರ್ಗವಿದೆ. ದಾಖಲೆಯಿಲ್ಲದೆ ಬರಿಯ ಸಂದೇಹದ ಮೇಲೆ ಆ ಮಾರ್ಗವನ್ನು ಹಿಡಿಯುವುದು ಅನುಚಿತ. ಚುನಾಯಿತ ಸಭೆಯ ಅವಧಿ ಮುಗಿದು ಚುನಾವಣೆ ನಡೆಯದಿರುವಾಗ ಆಡಳಿತಾಧಿಕಾರಿಗಳು ಅಧಿಕಾರ ನಡೆಸುತ್ತಾರೆ. ಆಗ ಅರ್ಜಿಯೂ ಅವರಿಗೇ ಹೋಗಬೇಕು. ಅಂತಹ ಕಾಲದಲ್ಲಿ ಚುನಾವಣೆಯನ್ನು ಬೇಗ ನಡೆಸಬೇಕೆಂದು ಕೇಳುವುದೂ ಪೌರರ ಬೇಡಿಕೆಗಳಲ್ಲಿ ಒಂದಾಗಬೇಕು, ಏಕೆಂದರೆ ಅಧಿಕಾರಿಯು ಎಷ್ಟೇ ದಕ್ಷನಾದರೂ ವಾರ್ಡಿನ ಪರವಾಗಿ ಎದ್ದು ನಿಂತು ಪ್ರಶ್ನಿಸುವ ಪ್ರತಿನಿಧಿಯ ಸ್ಥಾನವನ್ನು ತುಂಬಲಾರನು.

ಓದುಗರಲ್ಲಿ ಒಂದೇ ಪ್ರಾರ್ಥನೆ. ಈ ಚಳಿಗಾಲದಲ್ಲಿ ನಿಮ್ಮ ನಗರಸಭೆಯು ಆಯವ್ಯಯ ಪೂರ್ವಭಾವಿ ಸಭೆಯ ದಿನಾಂಕವನ್ನು ಪ್ರಕಟಿಸಿದೊಡನೆ ಬೀದಿಯ ನಾಲ್ಕು ಜನರನ್ನು ಕೂಡಿಸಿ, ಒಂದು ಬೇಡಿಕೆಯನ್ನು ಆರಿಸಿ, ಬರೆದು, ಸಹಿ ಹಾಕಿ, ಆ ಸಭೆಗೆ ತಪ್ಪದೆ ಹೋಗಿರಿ.