ದಂಡದ ಚೀಟಿ ಬಂದರೆ ಗಾಬರಿ ಬೇಡ, ಅಸಡ್ಡೆಯೂ ಬೇಡ

(ಸ್ವಸಹಾಯ ಸಂಘಗಳ ಸಭೆಯಲ್ಲಿ ಓದಿ ಚರ್ಚಿಸುವ ಪಾಠ)



ಹರಿಹರ ಭಾಗದ ಒಂದು ಸಂಘದ ಸಭೆಗೆ ನಾವು ಹೋಗಿದ್ದೆವು. ಸಾಲದ ಅರ್ಜಿಗಳನ್ನು ಓದುತ್ತಿದ್ದಾಗ ಒಬ್ಬ ಸದಸ್ಯೆ ಎದ್ದು ನಿಂತು, "ನಂಗೆ ಐದು ಸಾವಿರ ಬೇಕ್ರೀ" ಎಂದರು. ಯಾತಕ್ಕೆ ಎಂದು ಕೇಳಿದರೆ, "ಗಾಡಿ ಮೇಲೆ ಫೈನ್ ಐತಂತೆ. ಆ ಗಾಡಿ ಮಾರಿ ಎರಡು ವರ್ಷ ಆತು. ಆದ್ರೂ ನೋಟಿಸ್ ನಮ್ಮನಿಗೇ ಬರ್ತೈತಿ" ಎಂದರು. ಮೊಬೈಲಿನಲ್ಲಿ ನೋಡಿದಾಗ ಒಂಬತ್ತು ಚಲನ್‌ಗಳಿದ್ದವು. ಎಲ್ಲವೂ ಹೆಲ್ಮೆಟ್ ಇಲ್ಲದ್ದಕ್ಕೆ. ಐನೂರರಂತೆ ಒಟ್ಟು 4,500 ರೂಪಾಯಿ.

ಸೊಸೈಟಿಯ ಸಾಲ ಹಸುವಿಗೆ, ಹೊಲಿಗೆ ಯಂತ್ರಕ್ಕೆ, ಮಕ್ಕಳ ಫೀಸಿಗೆ ಇರುವುದು. ಯಾರೋ ಮಾಡಿದ ತಪ್ಪಿನ ದಂಡಕ್ಕೆ ಆ ಹಣ ಹೋಗಬೇಕೆ? ಈ ಪ್ರಶ್ನೆಯಿಂದಲೇ ಈ ತಿಂಗಳ ಪಾಠ ಹುಟ್ಟಿತು.

1. ಚಲನ್ ಎಂದರೇನು?

ಮೋಟಾರು ವಾಹನ ಕಾಯ್ದೆ 1988ರ ನಿಯಮ ಮೀರಿದಾಗ ಪೊಲೀಸರು ಅಥವಾ ಆರ್.ಟಿ.ಓ. ಅಧಿಕಾರಿಗಳು ಬರೆಯುವ ಕೇಸಿನ ಚೀಟಿಯೇ ಚಲನ್. ಸಣ್ಣ ತಪ್ಪುಗಳಿಗೆ ಕೋರ್ಟಿಗೆ ಹೋಗದೆ ದಂಡ ಕಟ್ಟಿ ಕೇಸ್ ಮುಗಿಸಿಕೊಳ್ಳಲು ಕಾಯ್ದೆಯ 200ನೇ ಕಲಂ ಅವಕಾಶ ಕೊಡುತ್ತದೆ. ಇದಕ್ಕೆ ರಾಜಿ ದಂಡ ಎನ್ನುತ್ತಾರೆ. ದಂಡ ಕಟ್ಟಿದೆವೆಂದರೆ ತಪ್ಪು ಒಪ್ಪಿಕೊಂಡಂತೆ. ತಪ್ಪು ಮಾಡಿಲ್ಲ ಎನ್ನುವವರು ಕಟ್ಟದೆ ನ್ಯಾಯಾಲಯದಲ್ಲಿ ಹೇಳಬಹುದು. ಅದು ನಮ್ಮ ಹಕ್ಕು. ಆದರೆ ಕುಡಿದು ಓಡಿಸಿದ ಕೇಸನ್ನು ರಸ್ತೆಯಲ್ಲಿ ಹಣ ಕಟ್ಟಿ ಮುಗಿಸಲು ಬರುವುದಿಲ್ಲ. ಅದು ಕೋರ್ಟಿಗೇ ಹೋಗಬೇಕು. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

2019ರ ಸೆಪ್ಟೆಂಬರ್ 1ರಿಂದ ದೇಶದಲ್ಲಿ ದಂಡದ ಮೊತ್ತ ಬಹಳ ಏರಿತು. ಹೆಲ್ಮೆಟ್ ಇಲ್ಲದ್ದಕ್ಕೆ 1,000 ರೂಪಾಯಿ ಎಂದಾಯಿತು. ಜನರಿಂದ ವಿರೋಧ ಬಂದ ಮೇಲೆ ಅದೇ ತಿಂಗಳಲ್ಲಿ ನಮ್ಮ ರಾಜ್ಯ ಸರಕಾರ ಅದನ್ನು 500ಕ್ಕೆ ಇಳಿಸಿತು. ಹಿಂದೆ ಕೂತವರಿಗೂ, ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಬೇಕೇ ಬೇಕು.

2. ನಮ್ಮ ಗಾಡಿ ಮೇಲೆ ಕೇಸ್ ಇದೆಯೇ ಎಂದು ನೋಡುವುದು ಹೇಗೆ?

ಮೊದಲಾದರೆ ಪೊಲೀಸರು ನಿಲ್ಲಿಸಿದಾಗ ಮಾತ್ರ ಕೇಸ್ ಗೊತ್ತಾಗುತ್ತಿತ್ತು. ಈಗ ಕ್ಯಾಮೆರಾ ಫೋಟೋ ಹಿಡಿದು ನಂಬರ್ ಪ್ಲೇಟಿನ ಮೇಲೆಯೂ ಕೇಸ್ ಆಗುತ್ತದೆ. ಪಿ.ಬಿ. ರಸ್ತೆಯಲ್ಲಿ ಯಾರೂ ನಿಲ್ಲಿಸಲಿಲ್ಲ ಎಂದ ಮಾತ್ರಕ್ಕೆ ಕೇಸ್ ಇಲ್ಲ ಎಂದು ತಿಳಿಯಬಾರದು. ಆದ್ದರಿಂದ ಮೂರು ತಿಂಗಳಿಗೊಮ್ಮೆಯಾದರೂ ನೋಡಿಕೊಳ್ಳಿ.

ಬೇಕಾದದ್ದು ಆರ್.ಸಿ. ಪುಸ್ತಕ ಅಥವಾ ಕಾರ್ಡ್ ಮಾತ್ರ. ಕೇಂದ್ರ ಸಾರಿಗೆ ಇಲಾಖೆಯ ಇ-ಚಲನ್ ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ (ನಮ್ಮ ಜಿಲ್ಲೆಯದು ಕೆಎ 17 ಎಂದು ಶುರುವಾಗುತ್ತದೆ), ಜೊತೆಗೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಂಕಿ ಹಾಕಬೇಕು. ಚಲನ್ ನಂಬರ್ ಅಥವಾ ಲೈಸೆನ್ಸ್ ನಂಬರ್ ಹಾಕಿಯೂ ಹುಡುಕಬಹುದು. ಅಲ್ಲಿ ಬಾಕಿ ಇಲ್ಲ ಎಂದು ಬಂದರೆ ಅಷ್ಟಕ್ಕೇ ನಿಲ್ಲಬೇಡಿ. ದಾವಣಗೆರೆಯ ಕರ್ನಾಟಕ ಒನ್ ಕೇಂದ್ರದಲ್ಲಿ ಅಥವಾ ಸಂಚಾರ ಠಾಣೆಯಲ್ಲಿ ಗಾಡಿ ನಂಬರ್ ಹೇಳಿ ಮತ್ತೊಮ್ಮೆ ಕೇಳಿ. ಇಂಟರ್ನೆಟ್ ಬರದವರು ಮಕ್ಕಳಿಂದ ನೋಡಿಸಿ, ಇಲ್ಲವೇ ಠಾಣೆಗೆ ಹೋಗಿ ಕೇಳಿ. ಕೇಳೋದ್ರಲ್ಲಿ ನಾಚಿಕೆ ಏನೂ ಇಲ್ಲ.

ಚಲನ್ ಸಿಕ್ಕಿದಾಗ ಇವನ್ನು ಗಮನಿಸಿ:

- ದಿನ, ಸಮಯ, ಜಾಗ. ಆ ಹೊತ್ತಿಗೆ ಗಾಡಿ ಎಲ್ಲಿತ್ತು?
- ಫೋಟೋ ಇದ್ದರೆ ನಂಬರ್ ಪ್ಲೇಟ್ ನಮ್ಮದೇ? ಗಾಡಿಯ ಬಣ್ಣ, ಮಾದರಿ ನಮ್ಮದೇ? ಕ್ಯಾಮೆರಾ 3ನ್ನು 8 ಎಂದು ಓದುವುದೂ ಉಂಟು.
- ಯಾವ ಕಲಂ, ಎಷ್ಟು ದಂಡ?
- ಬಾಕಿ ಎಂದಿದೆಯೋ, ಕೋರ್ಟಿಗೆ ಕಳಿಸಲಾಗಿದೆ ಎಂದಿದೆಯೋ?

ಕ್ಯಾಮೆರಾದಿಂದ ಆದ ಕೇಸಿಗೆ 15 ದಿನದೊಳಗೆ ನೋಟಿಸ್ ಕಳಿಸಬೇಕೆಂದು 2021ರಲ್ಲಿ ಕೇಂದ್ರ ನಿಯಮ ಬಂದಿದೆ. ಆದರೆ ಆರ್.ಸಿ.ಯಲ್ಲಿ ಹಳೇ ವಿಳಾಸ, ಹಳೇ ಮೊಬೈಲ್ ನಂಬರ್ ಇದ್ದರೆ ನೋಟಿಸ್ ನಮಗೆ ಮುಟ್ಟುವುದಾದರೂ ಹೇಗೆ? ಬಾಡಿಗೆ ಮನೆ ಬದಲಾಯಿಸಿದವರು ಇದನ್ನು ಮೊದಲು ಸರಿಮಾಡಿಸಿ.

3. ಹೊಳೆ ದಾಟಿದರೆ ಜಿಲ್ಲೆ ಬೇರೆ

ಹರಿಹರದವರು ಇದನ್ನು ಮುಖ್ಯವಾಗಿ ತಿಳಿಯಬೇಕು. ತುಂಗಭದ್ರಾ ಸೇತುವೆ ದಾಟಿ ಕುಮಾರಪಟ್ಟಣದ ಕಾರ್ಖಾನೆಗಳಿಗೆ ದಿನಾ ಕೆಲಸಕ್ಕೆ ಹೋಗುವವರು ಬಹಳ. ಆಚೆ ದಡ ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲ್ಲೂಕು. ಅಲ್ಲಿ ಹಾಕಿದ ಕೇಸಿಗೆ ದಾವಣಗೆರೆ ಠಾಣೆಯಲ್ಲಿ ಹೋಗಿ ಜಗಳ ಆಡಿದರೆ ಪ್ರಯೋಜನ ಇಲ್ಲ. ಚಲನ್‌ನಲ್ಲಿ ಯಾವ ಠಾಣೆ ಎಂದು ಬರೆದಿದೆಯೋ ಅಲ್ಲಿಗೇ ತಕರಾರು ಒಯ್ಯಬೇಕು. ಒಂದು ದಿನದ ಕೂಲಿ ಕಳೆದುಕೊಂಡು ಓಡಾಡುವ ಮೊದಲು ಚೀಟಿಯನ್ನು ಸರಿಯಾಗಿ ಓದಿ.

4. ಕಟ್ಟುವುದು, ತಕರಾರು ಮಾಡುವುದು

ತಪ್ಪು ನಮ್ಮದೇ ಆದರೆ ಬೇಗ ಕಟ್ಟಿ ಮುಗಿಸುವುದು ಲೇಸು. ರಸೀದಿ ಇಲ್ಲದೆ ಯಾರ ಕೈಗೂ ಹಣ ಕೊಡಬೇಡಿ. "ಅರ್ಧ ಕೊಡ್ರಿ, ಚೀಟಿ ಬೇಡ" ಎನ್ನುವ ಮಾತಿಗೆ ಒಪ್ಪಿದರೆ ನಾವೂ ಲಂಚದಲ್ಲಿ ಪಾಲುದಾರರಾದಂತೆ. ಅಲ್ಲದೆ ಕೇಸ್ ಹಾಗೇ ಉಳಿದಿದ್ದರೆ ಕೇಳುವವರು ಯಾರು? ಅಧಿಕಾರಿ ಲೈಸೆನ್ಸ್ ತೆಗೆದುಕೊಂಡರೆ ಅದಕ್ಕೆ ತಾತ್ಕಾಲಿಕ ಸ್ವೀಕೃತಿ ಚೀಟಿ ಕೊಡಬೇಕು ಎಂದು 206ನೇ ಕಲಂ ಹೇಳುತ್ತದೆ. ಅದನ್ನು ಕೇಳಿ ಪಡೆಯಿರಿ.

ಚಲನ್ ತಪ್ಪಾಗಿದ್ದರೆ ಆರ್.ಸಿ. ನಕಲು, ಗಾಡಿಯ ಫೋಟೋ, ಆ ದಿನ ಗಾಡಿ ಎಲ್ಲಿತ್ತು ಎಂಬುದಕ್ಕೆ ಪುರಾವೆ ಇಟ್ಟು ಬರವಣಿಗೆಯಲ್ಲಿ ಅರ್ಜಿ ಕೊಡಿ. ಇನ್ನೊಂದು ಪ್ರತಿಯ ಮೇಲೆ ಸಹಿ, ಸೀಲು ಹಾಕಿಸಿಕೊಳ್ಳಿ. ಕೇಸ್ ಕೋರ್ಟಿಗೆ ಹೋಗಿದ್ದರೆ ಸಮನ್ಸನ್ನು ಮಡಚಿ ಇಡಬೇಡಿ. ಹೇಳಿದ ದಿನ ಹಾಜರಾಗಿ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ದಾವಣಗೆರೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಹರಿಹರದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ಸಹಾಯವಾಣಿ 15100.

ಬಾಕಿ ದಂಡಕ್ಕೆ ಸರಕಾರ ಕೆಲವು ಸಲ ಅರ್ಧ ರಿಯಾಯಿತಿ ಕೊಟ್ಟಿದೆ. 2023ರ ಫೆಬ್ರವರಿಯಲ್ಲಿ ಕೊಟ್ಟಿತ್ತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಕೊಟ್ಟಿತ್ತು. ಇಂಥ ಅವಕಾಶ ಬಂದಾಗ ಬಳಸಿಕೊಳ್ಳಿ. ಆದರೆ ಅದನ್ನೇ ನಂಬಿ ಕೂರಬೇಡಿ. ಬಾಕಿ ಇದ್ದರೆ ಗಾಡಿ ಮಾರುವಾಗ, ಹೆಸರು ಬದಲಾಯಿಸುವಾಗ ತೊಡಕಾಗುತ್ತದೆ.

5. ಮೋಸದ ಸಂದೇಶಗಳು

"ನಿಮ್ಮ ಗಾಡಿಗೆ ಚಲನ್ ಆಗಿದೆ, ಈ ಫೈಲ್ ತೆರೆಯಿರಿ" ಎಂದು ವಾಟ್ಸಾಪಿನಲ್ಲಿ ಬರುವ ಎ.ಪಿ.ಕೆ. ಫೈಲನ್ನು ಒತ್ತಬೇಡಿ. ಅದು ಮೊಬೈಲ್ ಒಳಗೆ ಸೇರಿ ಬ್ಯಾಂಕ್ ಖಾತೆಗೆ ಕನ್ನ ಹಾಕುತ್ತದೆ. ಸರಕಾರದ ಜಾಲತಾಣದ ಹೆಸರು "ಗವ್ ಡಾಟ್ ಇನ್" ಎಂದು ಮುಗಿಯುತ್ತದೆ. ಓ.ಟಿ.ಪಿ. ಯಾರಿಗೂ ಹೇಳಬೇಡಿ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ಹಣ ಸಿಗುವುದು ಕಷ್ಟ.

6. ಮನೆ ಮುಳುಗಿಸುವ ಮೂರು ತಪ್ಪುಗಳು

ಒಂದು, ಹೆಸರು ವರ್ಗಾಯಿಸದೆ ಗಾಡಿ ಮಾರುವುದು. ಬಾಂಡ್ ಪೇಪರಿನಲ್ಲಿ ಬರೆಸಿಕೊಂಡರೆ ಸಾಲದು. 29 ಮತ್ತು 30ನೇ ನಮೂನೆ ತುಂಬಿ ಆರ್.ಟಿ.ಓ. ಕಚೇರಿಗೆ ಕೊಡಬೇಕು. ಮಾರಿದವರು 14 ದಿನದೊಳಗೆ ತಿಳಿಸಬೇಕು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಎರಡು, ಇನ್ಶೂರೆನ್ಸ್ ಬಿಡುವುದು. ದಂಡ ಸಾವಿರಗಳ ಲೆಕ್ಕದಲ್ಲಿ ಮುಗಿಯಬಹುದು. ಆದರೆ ಗಾಡಿ ಯಾರಿಗಾದರೂ ಬಡಿದರೆ ಪರಿಹಾರ ಲಕ್ಷಗಳ ಲೆಕ್ಕ. ಮನೆ, ಹೊಲ ಎಲ್ಲಾ ಹೋಗಬಹುದು.

ಮೂರು, ಮಕ್ಕಳ ಕೈಗೆ ಗಾಡಿ ಕೊಡುವುದು. ನಮ್ಮ ದಾವಣಗೆರೆ ಕಾಲೇಜುಗಳ ಊರು. ಟ್ಯೂಷನ್ನಿಗೆ ತಡ ಆಯ್ತು ಅಂತ ಪಿ.ಯು. ಹುಡುಗನಿಗೆ ಸ್ಕೂಟರ್ ಕೊಡುತ್ತೇವೆ. 16 ವರ್ಷಕ್ಕೆ ಸಿಗುವ ಲೈಸೆನ್ಸ್ 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಪೇಟೆಯಲ್ಲಿ ಸಾಮಾನ್ಯವಾಗಿ ಓಡುವ ಪೆಟ್ರೋಲ್ ಸ್ಕೂಟರುಗಳು ಅದಕ್ಕಿಂತ ದೊಡ್ಡವು. ಮಗು ತಪ್ಪು ಮಾಡಿದರೆ 199ಎ ಕಲಂ ಪ್ರಕಾರ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಕೊನೆಯ ಮಾತು

ಮೇಲೆ ಹೇಳಿದ ಸದಸ್ಯೆಗೆ ಸಂಘದವರು ಸಾಲ ಕೊಡಲಿಲ್ಲ, ಜೊತೆಗೆ ಹೋದರು. ಗಾಡಿ ಕೊಂಡವರನ್ನು ಹುಡುಕಿ ಕೂರಿಸಿಕೊಂಡು ಮಾತಾಡಿದರು. "ಓಡಿಸಿದ್ದು ನಾನೇ, ಕಟ್ತೀನಿ ಬಿಡ್ರಕ್ಕಾ" ಎಂದು ಅವರು ಒಪ್ಪಿದರು. ದಂಡ ಕಟ್ಟಿದ ಮೇಲೆ ಹೆಸರೂ ವರ್ಗಾವಣೆಯಾಯಿತು. ಎಲ್ಲರಿಗೂ ಇಷ್ಟು ಸುಲಭವಾಗಿ ಆಗುವುದಿಲ್ಲ. ಕೊಂಡವರು ಸಿಗದೇ ಹೋದರೆ ದಂಡ ನಮ್ಮ ತಲೆಗೇ. ದಂಡ ತಪ್ಪಿಸಿಕೊಳ್ಳುವ ಉಪಾಯ ಹುಡುಕುವುದಕ್ಕಿಂತ ಹೆಲ್ಮೆಟ್ ಹಾಕಿಕೊಂಡು ಮನೆಗೆ ಸುಖವಾಗಿ ಬರುವುದೇ ದೊಡ್ಡ ಉಳಿತಾಯ ಅಲ್ಲವೇ?

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಮನೆಯ ಗಾಡಿಯ ಆರ್.ಸಿ. ಯಾರ ಹೆಸರಿನಲ್ಲಿದೆ? ವಿಳಾಸ, ಮೊಬೈಲ್ ನಂಬರ್ ಸರಿ ಇದೆಯೇ?
2. ಇನ್ಶೂರೆನ್ಸ್ ಯಾವ ತಾರೀಖಿಗೆ ಮುಗಿಯುತ್ತದೆ?
3. ಮಾರಿದ ಹಳೇ ಗಾಡಿ ಇನ್ನೂ ನಮ್ಮ ಹೆಸರಿನಲ್ಲೇ ಇದೆಯೇ?
4. ರಸೀದಿ ಇಲ್ಲದೆ ಹಣ ಕೊಟ್ಟ ಅನುಭವ ಇದೆಯೇ? ಮುಂದೆ ಏನು ಮಾಡೋಣ?

ಮುಂದಿನ ಸಭೆಗೆ: ಪ್ರತಿಯೊಬ್ಬರೂ ಮನೆಯ ಗಾಡಿಯ ಆರ್.ಸಿ. ಮತ್ತು ಇನ್ಶೂರೆನ್ಸ್ ನಕಲು ತನ್ನಿ. ಮೊಬೈಲ್ ಬಳಸಲು ಬಲ್ಲ ಇಬ್ಬರು ಸದಸ್ಯರು ಎಲ್ಲರ ಗಾಡಿಯ ಚಲನ್ ನೋಡಿ ಕೊಡಲಿ.