ವಿಜಯ ದಿವಸವನ್ನು ವಿದ್ಯಾರ್ಥಿಗಳೊಡನೆ ಅರಿಯುವುದು

ಪ್ರತಿವರ್ಷ ಡಿಸೆಂಬರ್ 16ರಂದು ರಾಷ್ಟ್ರವು ವಿಜಯ ದಿವಸವನ್ನು ಆಚರಿಸುತ್ತದೆ. 1971ರಲ್ಲಿ ಅಂದು ಢಾಕಾದಲ್ಲಿ ಪಾಕಿಸ್ತಾನದ ಪೂರ್ವ ವಿಭಾಗದ ಸೇನೆ ಶರಣಾಯಿತು, ಸುಮಾರು 93,000 ಮಂದಿ ಸೆರೆಯಾದರು, ಬಾಂಗ್ಲಾದೇಶ ವಿಮೋಚನೆಗೊಂಡಿತು. ಇಷ್ಟನ್ನು ಪಠ್ಯಪುಸ್ತಕವೇ ಹೇಳುತ್ತದೆ. ಆದರೆ ಆ ಗೆಲುವಿಗೆ ತೆತ್ತ ಬೆಲೆಯನ್ನು ಮಕ್ಕಳಿಗೆ ಮನಗಾಣಿಸುವ ಬಗೆ ಹೇಗೆ?

ಇದಕ್ಕೆ ದೆಹಲಿಯ ಸ್ಮಾರಕಗಳು ಉತ್ತಮ ಸಾಧನಗಳು. 1931ರಲ್ಲಿ ಉದ್ಘಾಟನೆಗೊಂಡ ಇಂಡಿಯಾ ಗೇಟಿನ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ. ಅವರು ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ ಹೋರಾಡಿ ಮಡಿದವರು. ಪರರ ಆಜ್ಞೆಯಂತೆ ಕಾದಿದವರನ್ನು ಸ್ವತಂತ್ರ ಭಾರತ ಏಕೆ ಸ್ಮರಿಸಬೇಕೆಂದು ವಿದ್ಯಾರ್ಥಿಯೊಬ್ಬನು ಕೇಳಿದರೆ ಶಿಕ್ಷಕರು ಅದನ್ನು ತಳ್ಳಿಹಾಕಲಾಗದು. ಕನ್ನಡಿಗರಿಗಂತೂ ಈ ಪ್ರಶ್ನೆ ಸಮೀಪದ್ದು: ತೀನ್ ಮೂರ್ತಿಯ ಮೂವರು ಕಂಚಿನ ಯೋಧರಲ್ಲಿ ಒಬ್ಬನು ಮೈಸೂರು ಸಂಸ್ಥಾನದ ಪ್ರತಿನಿಧಿ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ವಶಪಡಿಸಿಕೊಂಡ ಅಶ್ವಸೈನ್ಯದಲ್ಲಿ ಮೈಸೂರು ಲ್ಯಾನ್ಸರ್ಸ್ ದಳವೂ ಇದ್ದಿತು.

1971ರ ಹುತಾತ್ಮರ ನೆನಪಿಗೆ 1972ರ ಜನವರಿ 26ರಂದು ಇಂಡಿಯಾ ಗೇಟಿನ ಕಮಾನಿನಡಿ ಅಮರ್ ಜವಾನ್ ಜ್ಯೋತಿಯನ್ನು ಬೆಳಗಿಸಲಾಯಿತು. 2022ರ ಜನವರಿ 21ರಂದು ಅದನ್ನು ಸಮೀಪದ ರಾಷ್ಟ್ರೀಯ ಸಮರ ಸ್ಮಾರಕದ ಜ್ಯೋತಿಯಲ್ಲಿ ವಿಲೀನಗೊಳಿಸಲಾಯಿತು. 2019ರಲ್ಲಿ ಉದ್ಘಾಟನೆಗೊಂಡ ಈ ಸ್ಮಾರಕದ ತ್ಯಾಗಚಕ್ರದಲ್ಲಿ, ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಯೋಧರ ಹೆಸರುಗಳು ಒಬ್ಬೊಬ್ಬರಿಗೆ ಒಂದು ಶಿಲಾಫಲಕದಂತೆ ಕೆತ್ತಲ್ಪಟ್ಟಿವೆ. ಪ್ರತಿ ವಿದ್ಯಾರ್ಥಿಯೂ ಒಂದೇ ಒಂದು ಫಲಕದ ಮುಂದೆ ನಿಂತು ಹೆಸರನ್ನೂ ದರ್ಜೆಯನ್ನೂ ಬರೆದುಕೊಳ್ಳಲಿ. ಒಟ್ಟು ಸಂಖ್ಯೆಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇದು ಮೇಲು. ದೆಹಲಿ ದೂರವಾದ ಶಾಲೆಗಳು ತಮ್ಮ ಊರಿನ ನಿವೃತ್ತ ಸೈನಿಕರನ್ನು ಆಹ್ವಾನಿಸಿ, ಮರಳಿ ಬಾರದ ಒಡನಾಡಿಗಳ ವಿಚಾರವನ್ನು ಅವರಿಂದಲೇ ಕೇಳಬಹುದು.